ದಲ್ಲಾಳಿ ಯಂತ್ರ ಮತ್ತು ಹಿಂದಿನ ಸೀಟಿನ ಬಾಯಮ್ಮ

ಕಣ್ಣಿಗೆ ಕಾಣದ ಕೆಲಸ ಮಾಡುವವನ ಹಣೆಯಲ್ಲಿ ಇಂಥ ಪ್ರಸಂಗಗಳು ಬರೆದೇ ಇರುತ್ತವೆ. ಬಡಗಿ ಕುರ್ಚಿ ಮಾಡಿದರೆ ಕೂತು ನೋಡಬಹುದು, ದರ್ಜಿ ಅಂಗಿ ಹೊಲಿದರೆ ತೊಟ್ಟು ನೋಡಬಹುದು. ನನ್ನ ಕೆಲಸವನ್ನು ಕೂತೂ ನೋಡಲಾಗುವುದಿಲ್ಲ, ತೊಟ್ಟೂ ನೋಡಲಾಗುವುದಿಲ್ಲ. ಸರಿಯಿದ್ದಷ್ಟು ದಿನ ಯಾರಿಗೂ ಅದರ ಗೊಡವೆ ಇಲ್ಲ. ಕೆಟ್ಟ ದಿನ ಮಾತ್ರ, ಇವನು ಇಷ್ಟು ಕಾಲ ಕೂತು ಮಾಡುತ್ತಿದ್ದುದಾದರೂ ಎಂತ ಎಂಬ ವಿಚಾರಣೆ ಶುರು.

ಎರಡು ಸಾವಿರದ ಇಸವಿ ದಾಟಿ, ಉಡುಪಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾನು ದಿನಾ ಉದ್ಯಾವರದಿಂದ ಬಸ್ಸು ಹಿಡಿದು ಬನ್ನಂಜೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಕಂಪ್ಯೂಟರ್ ನೋಡಿಕೊಳ್ಳಲು ಹೋಗುತ್ತಿದ್ದೆ. ಮುಂಬೈ ಬಸ್ಸಿನ ಟಿಕೆಟ್ ಮಾರುವ ಆಫೀಸು ಅದು. ಬಸ್ಸು ಮುಂಬೈಯ ಕಂಪನಿಯದ್ದು, ಮಾರುವುದು ಮಾತ್ರ ನಾವು. ಬನ್ನಂಜೆ ಬಿಟ್ಟರೆ ಕಾಪುವಿನಲ್ಲಿ ಒಂದು ಕೌಂಟರ್, ಕಾರ್ಕಳದಲ್ಲಿ ಒಂದು.

ಅಲ್ಲಿಯವರೆಗೆ ಸೀಟು ಹಂಚುತ್ತಿದ್ದುದು ಫೋನಿನಲ್ಲಿ. ಬೆಳಿಗ್ಗೆ ಮುಂಬೈಯವರು ಬನ್ನಂಜೆಗೆ ಇಷ್ಟು ಸೀಟು ಎನ್ನುವರು. ಬನ್ನಂಜೆಯವರು ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಕಾಪುವಿಗೆ ಕೊಡುವರು. ಕಾಪುವಿನಲ್ಲಿ ಬೇಡ ಎಂದದ್ದು ಕಾರ್ಕಳಕ್ಕೆ ಹೋಗುವುದು. ಹಾಗಾಗಿ ಕಾರ್ಕಳದ ಪಾಲಿಗೆ ವರ್ಷವಿಡೀ ಬಸ್ಸಿನ ಕೊನೆಯ ಸಾಲು, ಹೊಂಡ ಸಿಕ್ಕಿದರೆ ತಲೆ ಚಾವಣಿಗೆ ಬಡಿಯುವ ಸಾಲು. ಅಲ್ಲಿಯ ಕೌಂಟರಿನಲ್ಲಿ ಕೂರುತ್ತಿದ್ದವರು ಕೊಂಕಣಿ ಮಾತಿನ ಒಬ್ಬ ಕ್ರಿಶ್ಚಿಯನ್ ಹೆಂಗಸು. ನಾವೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಅವರು ನಮ್ಮನ್ನೆಲ್ಲ ಪುತಾ ಎನ್ನುತ್ತಿದ್ದರು, ಮಗನೇ ಎಂದು. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಇದ್ದ ಹೆಸರು 'ಹಿಂದಿನ ಸೀಟಿನ ಬಾಯಮ್ಮ'. ಅವರ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು, ಬೇಸರವೂ ಇತ್ತು.

ಆಗ ಮುಂಬೈಯವರು ತಮ್ಮ ಕಂಪ್ಯೂಟರಿಗೆ ಒಂದು ಕಿಟಕಿ ಇಟ್ಟರು. ಎಪಿಐ ಅಂತ ಅದರ ಹೆಸರು. ನಮ್ಮ ಕಂಪ್ಯೂಟರ್ ಆ ಕಿಟಕಿಯಲ್ಲಿ ಹೋಗಿ ಯಾವ ಸೀಟು ಖಾಲಿ ಎಂದು ಕೇಳಿದರೆ ಉತ್ತರ ಕೂಡಲೇ ಬರುತ್ತದೆ, ಬೇಕಾದ ಸೀಟನ್ನು ಅಲ್ಲೇ ಬುಕ್ ಮಾಡಲೂಬಹುದು. ಷರತ್ತು ಒಂದೇ. ಪ್ರಶ್ನೆಗಳೆಲ್ಲ ಬನ್ನಂಜೆಯ ಒಂದೇ ವಿಳಾಸದಿಂದ ಬರಬೇಕು, ಭದ್ರತೆ ಗಟ್ಟಿ ಇರಬೇಕು. ರಜೆಯ ಸೀಸನ್ ಶುರುವಾಗುವ ತನಕ ಪರೀಕ್ಷೆಗೆ ಅಂತ ಕೊಡುತ್ತೇವೆ, ಏನಾದರೂ ಎಡವಟ್ಟಾದರೆ ಲೈನ್ ಕಟ್ ಎಂದರು. ಲೈನ್ ಕಟ್ಟಾದರೆ ಕಾರ್ಕಳದ ಕೌಂಟರನ್ನೇ ಮುಚ್ಚುವುದು ಎಂದು ನಮ್ಮ ಧಣಿಗಳು ಮೊದಲೇ ಹೇಳಿಬಿಟ್ಟಿದ್ದರು. ಹಿಂದಿನ ಸೀಟು ಮಾರಲಿಕ್ಕೆ ಒಂದು ಕೌಂಟರ್ ಯಾಕೆ ಎಂಬುದು ಅವರ ವಾದ. ಬಾಯಮ್ಮನಿಗೂ ಈ ಸುದ್ದಿ ಮುಟ್ಟಿತ್ತು.

ಪ್ರಾಕ್ಸಿ ಬೇಡ

ಕೆಲಸ ಶುರು ಮಾಡುವ ಮೊದಲು ಧಣಿಗಳ ಎದುರು ಹೋಗಿ ನಿಂತು, ನಾವು ಇಲ್ಲಿ ಒಂದು ಪ್ರಾಕ್ಸಿ ಹಾಕಬೇಕು ಎಂದೆ. ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಮುಖ ಗಂಟು ಹಾಕಿಕೊಂಡರು. ನಮ್ಮ ಆಫೀಸಿನಲ್ಲಿ ಅಂಥದ್ದೆಲ್ಲ ಬೇಡ ಎಂದರು.

ನನಗೆ ವಿಷಯ ಗೊತ್ತಿರಲಿಲ್ಲ. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಕಾಲೇಜಿನ ಹುಡುಗರ ಭಾಷೆಯಲ್ಲಿ ಪ್ರಾಕ್ಸಿ ಎಂದರೆ ಕ್ಲಾಸಿಗೆ ಬಾರದ ಗೆಳೆಯನ ಹೆಸರು ಕರೆದಾಗ ಇನ್ನೊಬ್ಬ ಸ್ವರ ಬದಲಿಸಿ 'ಪ್ರೆಸೆಂಟ್ ಸರ್' ಎನ್ನುವುದು. ಈ ಮಗ ಹಾಗೆ ಹಾಕಿ ಸಿಕ್ಕಿಬಿದ್ದು, ಧಣಿಗಳು ಹಿಂದಿನ ವಾರವಷ್ಟೇ ಪ್ರಿನ್ಸಿಪಾಲರ ಎದುರು ಕೈಕಟ್ಟಿ ನಿಂತು ಬಂದಿದ್ದರು.

ಇದು ಆ ಪ್ರಾಕ್ಸಿ ಅಲ್ಲ ಎಂದು ನಾನು ಬಿಡಿಸಿ ಹೇಳತೊಡಗಿದೆ. ಕಾರ್ಕಳ, ಕಾಪುವಿನವರು ಮುಂಬೈಗೆ ನೇರ ಹೋಗುವ ಹಾಗಿಲ್ಲ. ಅವರ ಪರವಾಗಿ ನಮ್ಮ ಒಂದು ಯಂತ್ರ ಹೋಗಿ ಕೇಳುತ್ತದೆ. ಹಿಂದೆ ಯಾರಿದ್ದಾರೆ ಅಂತ ಮುಂಬೈಯವರಿಗೆ ಕಾಣುವುದಿಲ್ಲ, ಬಂದದ್ದು ನಮ್ಮ ಯಂತ್ರ ಅಂತ ಮಾತ್ರ ಗೊತ್ತಾಗುತ್ತದೆ. ಕೆಲಸ ಆಗುತ್ತದೆ, ಯಾರಿಗೂ ತೊಂದರೆ ಇಲ್ಲ.

ಧಣಿಗಳು ಚಹಾದ ಲೋಟವನ್ನು ಇನ್ನಷ್ಟು ದೂರ ಸರಿಸಿದರು.

"ನನ್ನ ಮಗನೂ ಪ್ರಿನ್ಸಿಪಾಲರ ಹತ್ತಿರ ಇದನ್ನೇ ಹೇಳಿದ್ದು" ಎಂದರು.

ಕೊನೆಗೆ ನಾನು ಆ ಶಬ್ದವನ್ನೇ ಬಿಟ್ಟೆ. ಇದು ಒಂಥರಾ ದಲ್ಲಾಳಿ ಇದ್ದ ಹಾಗೆ, ಇಬ್ಬರ ನಡುವೆ ನಿಂತು ಮಾತು ದಾಟಿಸುತ್ತದೆ ಎಂದೆ. ಅದು ಅವರಿಗೆ ಕೂಡಲೇ ಅರ್ಥವಾಯಿತು. ಜಾಗದ ವ್ಯವಹಾರದಲ್ಲಿ ಬೇಕಾದಷ್ಟು ದಲ್ಲಾಳಿಗಳನ್ನು ಕಂಡವರು. ಅಂದಿನಿಂದ ಆ ಯಂತ್ರಕ್ಕೆ ನಮ್ಮಲ್ಲಿ ದಲ್ಲಾಳಿ ಎಂದೇ ಹೆಸರು. ಧಣಿಗಳು ಬೆಳಿಗ್ಗೆ ಬಂದವರೇ "ದಲ್ಲಾಳಿ ಎದ್ದಿದ್ದಾನಾ?" ಎಂದು ಕೇಳುವರು. ಎದ್ದಿದ್ದಾನೆ ಎಂದರೆ, "ಎರಡೂ ಕಡೆಯಿಂದ ಕಮಿಷನ್ ತಿನ್ನದ ದಲ್ಲಾಳಿಯನ್ನು ನಾನು ನೋಡಿದ್ದು ಇವನೊಬ್ಬನನ್ನೇ" ಎಂದು ಒಳಗೆ ಹೋಗುವರು.

ಬಸ್ಸು ತುಂಬ ಒಬ್ಬರೇ ವಾರ್ಡನ್

ದಲ್ಲಾಳಿ ಕೆಲಸಕ್ಕೆ ನಿಂತ ಮೊದಲ ವಾರ ಎಲ್ಲ ಚೆನ್ನಾಗಿತ್ತು. ಬಾಯಮ್ಮ ತಮ್ಮ ಜನ್ಮದಲ್ಲೇ ಮೊದಲ ಸಲ ಡ್ರೈವರಿನ ಹಿಂದಿನ ಕಿಟಕಿ ಬದಿಯ ಸೀಟನ್ನು ಒಬ್ಬ ಅಜ್ಜಿಗೆ ಮಾರಿದರು. ಮಾರಿ ನನಗೆ ಫೋನ್ ಮಾಡಿದರು. ಅಜ್ಜಿಗಿಂತ ಹೆಚ್ಚಿನ ಸಂತೋಷ ಅವರಿಗೇ ಆಗಿತ್ತು.

ಎರಡನೆಯ ವಾರ ಲೈನ್ ತೆವಳತೊಡಗಿತು. ಬಾಯಮ್ಮ ಒಂದು ಸೀಟು ನೋಡಬೇಕಾದರೆ ಗಿರಾಕಿ ಹೋಗಿ ಚಹಾ ಕುಡಿದು ಬರಬಹುದಿತ್ತು. ಕೂತು ನೋಡಿದರೆ ನಮ್ಮ ದಲ್ಲಾಳಿಯ ಮೂಲಕ ಯಾರೋ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದಾರೆ, ಸಿನಿಮಾ ಹಾಡು ಇಳಿಸುತ್ತಿದ್ದಾರೆ. ನಾನು ಇನ್ನೂ ಬೀಗ ಹಾಕಿರಲಿಲ್ಲ. ಎರಡೂ ಕೌಂಟರ್ ಸರಿಯಾಗಿ ಕೂತ ಮೇಲೆ ಹಾಕುವುದೆಂದು ಇಟ್ಟಿದ್ದೆ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ನುಗ್ಗಬಹುದಿತ್ತು.

ವಿಳಾಸ ಗೊತ್ತಿದ್ದವನು ಧಣಿಗಳ ಮಗ. ಅವನ ಕಾಲೇಜಿನ ಹಾಸ್ಟೆಲಿನಲ್ಲಿ ಅರ್ಧಕ್ಕರ್ಧ ಸೈಟು ಬಂದ್ ಮಾಡಿದ್ದರು. ಅಪ್ಪನ ಆಫೀಸಿನ ದಾರಿಯಾಗಿ ಹೋದರೆ ಎಲ್ಲ ತೆರೆಯುತ್ತದೆ ಎಂದು ಅವನು ಕಂಡುಹಿಡಿದ. ಒಬ್ಬನೇ ನೋಡಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲವೇನೋ. ಅವನದು ದೊಡ್ಡ ಮನಸ್ಸು, ಇಡೀ ಹಾಸ್ಟೆಲಿಗೆ ಹೇಳಿದ.

ಹುಡುಗರು ಸ್ಕೋರ್ ನೋಡಿ ಸುಮ್ಮನಿದ್ದರೂ ಆಗುತ್ತಿತ್ತು. ಅವರಲ್ಲಿ ಯಾರೋ ಬುದ್ಧಿವಂತರಿಗೆ ಆಚೆ ಕಡೆ ಮುಂಬೈಯ ಕಿಟಕಿ ಇರುವುದೂ ಕಂಡಿತು. ಒಂದು ಮಧ್ಯಾಹ್ನ ಮುಂಬೈಯಿಂದ ನಮ್ಮ ಧಣಿಗಳಿಗೆ ಫೋನ್ ಬಂತು. ಮಾತನಾಡಿದವರು ಅಲ್ಲಿಯ ಭದ್ರತೆಯ ಅಧಿಕಾರಿ, ಮೂಲ ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತು. ನಾಳೆಯ ಬಸ್ಸು ನಿಮ್ಮ ವಿಳಾಸದಿಂದಲೇ ಪೂರ್ತಿ ಬುಕ್ ಆಗಿದೆ, ಸಂತೋಷ, ಆದರೆ ಎಲ್ಲ ಸೀಟೂ ಒಬ್ಬರದೇ ಹೆಸರಿನಲ್ಲಿ ಉಂಟಲ್ಲ, ಇವರು ಯಾರು ಎಂದು ಕೇಳಿದರು.

ಹೆಸರು ಹಾಸ್ಟೆಲಿನ ವಾರ್ಡನ್ನರದು. ಡ್ರೈವರ್ ಪಕ್ಕದ ಸೀಟಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಅವರೇ ಕೂತಿದ್ದರು. ಹೆಂಗಸರಿಗೆ ಮೀಸಲಿಟ್ಟ ಸೀಟಿನಲ್ಲೂ ಅವರೇ.

ಅಧಿಕಾರಿ ನಗಲಿಲ್ಲ. ಇದು ಮೊದಲನೆಯದು, ಇನ್ನೊಂದು ಸಲ ಹೀಗಾದರೆ ಲೈನ್ ಇಲ್ಲ, ಸೀಸನ್ನಿಗೆ ಮೊದಲು ನಾನೇ ನಿಮ್ಮ ಭದ್ರತೆಯನ್ನು ಪರೀಕ್ಷೆ ಮಾಡುತ್ತೇನೆ, ಯಾವಾಗ ಹೇಗೆ ಅಂತ ಹೇಳುವುದಿಲ್ಲ ಎಂದು ಫೋನ್ ಇಟ್ಟರು.

ಧಣಿಗಳು ನನ್ನನ್ನು ಕರೆಸಿದರು. ಬೈಗಳಿಗೆ ಸಿದ್ಧನಾಗಿಯೇ ಹೋದೆ. ಅವರು ಬೈಯಲಿಲ್ಲ, ನಿಟ್ಟುಸಿರು ಬಿಟ್ಟರು.

"ಪ್ರಾಕ್ಸಿ ಬೇಡ ಅಂತ ನಾನು ಮೊದಲೇ ಹೇಳಿದ್ದೆ ಮಾರಾಯ. ಅದು ನಮ್ಮ ಕುಟುಂಬಕ್ಕೆ ಆಗಿಬರುವುದಿಲ್ಲ."

ಎಂತ ಉಂಟು

ಆ ದಿನವೇ ಬೀಗ ಹಾಕಿದೆ. ಎರಡು ಕೌಂಟರ್ ಬಿಟ್ಟು ಬೇರೆ ಯಾರು ಬಂದರೂ ದಲ್ಲಾಳಿ ಬಾಯಿ ಬಿಡದ ಹಾಗೆ ಮಾಡಿದೆ. ಕೌಂಟರಿನವರಿಗೂ ಪಾಸ್‌ವರ್ಡ್ ಇಟ್ಟೆ. ಹುಟ್ಟಿದ ದಿನ, ಮಗಳ ಹೆಸರು ಎಲ್ಲ ಯಾರಾದರೂ ಊಹಿಸಬಹುದು. ಹೊರಗಿನವರ ತಲೆಗೆ ಹೊಳೆಯಬಾರದು, ನಮ್ಮವರಿಗೆ ಮರೆಯಬಾರದು, ಅಂಥ ಮಾತು ಯಾವುದು ಎಂದು ಯೋಚಿಸಿ, ಕಂಡವರನ್ನೆಲ್ಲ ಏನು ಸಮಾಚಾರ ಎಂದು ಕೇಳಲು ನಾವು ದಿನಕ್ಕೆ ನೂರು ಸಲ ಹೇಳುವ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆ. 'ಎಂತ ಉಂಟು.' ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಬಾಯಮ್ಮನಿಗೆ ನಾನೇ ಕಾರ್ಕಳಕ್ಕೆ ಹೋಗಿ ಹೇಳಿಕೊಟ್ಟೆ. ಅವರು ಒಂದು ಸಲ ಟೈಪ್ ಮಾಡಿ ನೋಡಿ, ಆಯಿತು ಪುತಾ ಎಂದರು. ಕಾಪುವಿನವರಿಗೆ ಫೋನಿನಲ್ಲಿ ಹೇಳೋಣ ಎಂದುಕೊಂಡದ್ದೇ ಎಡವಟ್ಟಾಯಿತು. ಅಲ್ಲಿದ್ದವರು ಮುಂಬೈಯ ಕ್ಯಾಂಟೀನುಗಳಲ್ಲಿ ಆಯುಷ್ಯ ಕಳೆದು ಊರಿಗೆ ಬಂದವರು, ನಾವು ಅಣ್ಣ ಎನ್ನುತ್ತಿದ್ದೆವು. ಫೋನಿನಲ್ಲಿ ಮಾತನಾಡಿದರೆ ಅಡುಗೆಮನೆಗೆ ಆರ್ಡರ್ ಕೂಗಿದ ಹಾಗೆ.

"ಪಾಸ್‌ವರ್ಡ್ ಎಂತ?" ಎಂದು ಕೇಳಿದರು.

"ಎಂತ ಉಂಟು."

"ಅದೇ, ಎಂತ ಉಂಟು ಅಂತ ಕೇಳಿದ್ದು ನಾನು."

"ಹೌದಣ್ಣ, ಎಂತ ಉಂಟು."

"ನನ್ನನ್ನು ಕೇಳಿದರೆ? ಇಟ್ಟದ್ದು ನೀನಲ್ವಾ?"

ಇಟ್ಟದ್ದು ನಾನೇ, ಇಟ್ಟದ್ದು 'ಎಂತ ಉಂಟು' ಎಂದು ಮತ್ತೆ ಹೇಳಿದೆ. ಮರೆತುಹೋಗಿದ್ದರೆ ಮರೆತುಹೋಗಿದೆ ಅಂತ ಹೇಳು, ನಾಚಿಕೆ ಎಂತಕ್ಕೆ ಎಂದರು. ನಾನು ಸ್ವರ ಏರಿಸಿದೆ, ಅವರು ಇನ್ನೂ ಏರಿಸಿದರು. ಫೋನ್ ಇಟ್ಟವರೇ ಧಣಿಗಳಿಗೆ ದೂರು ಕೊಟ್ಟರು. ಈ ಕಂಪ್ಯೂಟರಿನವನಿಗೆ ತಾನು ಇಟ್ಟ ಪಾಸ್‌ವರ್ಡ್ ತನಗೇ ಗೊತ್ತಿಲ್ಲ, ಕೇಳಿದರೆ ನಮ್ಮನ್ನೇ ತಿರುಗಿ ಕೇಳುತ್ತಾನೆ ಎಂದು.

ನಾನು ಮಧ್ಯಾಹ್ನದ ಬಸ್ಸಿನಲ್ಲಿ ಕಾಪುವಿಗೆ ಹೋಗಿ, ಅವರ ಬೆರಳು ಹಿಡಿದು ಟೈಪ್ ಮಾಡಿಸಿದೆ. ಆಗ ಅವರಿಗೆ ಅರ್ಥವಾಯಿತು. ಇದು ಗೊಂದಲ, ಬೇರೆ ಇಡುತ್ತೇನೆ ಎಂದರೆ ಈಗ ಅವರು ಒಪ್ಪಲಿಲ್ಲ. ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಬಿಡುವುದಿಲ್ಲ ಎಂದು ಹಟ ಹಿಡಿದರು. ಹಾಗೆ ಅದೇ ಉಳಿಯಿತು. ಯಾರು ಕೇಳಿದರೂ ಇದನ್ನು ಹೇಳಬಾರದು ಎಂದು ಇಬ್ಬರಿಗೂ ತಾಕೀತು ಮಾಡಿದೆ.

ಕೆಲವು ದಿನ ಬಿಟ್ಟು ಕಾಪುವಿನಲ್ಲಿ ಲೈನ್ ಸಿಗುತ್ತಿಲ್ಲ ಎಂದು ಫೋನ್ ಬಂತು. ಸ್ಪೆಲಿಂಗ್ ತಪ್ಪಿರಬಹುದೆಂದು, ನೀವು ಹಾಕುತ್ತಿರುವ ಪಾಸ್‌ವರ್ಡ್ ಯಾವುದು ಹೇಳಿ ಎಂದೆ.

"ಯಾರು ಕೇಳಿದರೂ ಹೇಳಬಾರದು ಅಂತ ಉಂಟು" ಎಂದು ಫೋನ್ ಇಟ್ಟರು.

ಕೆಂಪುಕಲ್ಲಿನ ಭದ್ರತೆ

ಪರೀಕ್ಷೆಯ ಹೆದರಿಕೆ ನನಗಿಂತ ಧಣಿಗಳಿಗೆ ಹೆಚ್ಚಾಗಿತ್ತು. ಇನ್ನೇನಾದರೂ ಮಾಡಬೇಕಾ ಎಂದು ದಿನಾ ಕೇಳುವರು. ಒಂದು ದಿನ ಅವಸರದಲ್ಲಿ ಮಣಿಪಾಲಕ್ಕೆ ಬಿಡಿಭಾಗ ತರಲು ಹೊರಟವನು, ಒಂದು ಫೈರ್‌ವಾಲ್ ಹಾಕಿದರೆ ಮುಗಿಯಿತು, ಬೇಕಾದದ್ದು ಬಿಟ್ಟು ಬೇರೆ ಏನೂ ಒಳಗೆ ಹೋಗುವುದಿಲ್ಲ ಎಂದು ಹೇಳಿ ಹೋದೆ. ಅದೂ ಒಂದು ಸಾಫ್ಟ್‌ವೇರ್ ಎಂದು ಹೇಳಲಿಲ್ಲ. ಹೇಳಬೇಕೆಂದು ತೋಚಲೇ ಇಲ್ಲ.

ಮಣಿಪಾಲದಲ್ಲಿ ಬೇಕಾದ ಕಾರ್ಡ್ ಇರಲಿಲ್ಲ. ನಾಳೆ ಬಾ ಎಂದರು, ಮರುದಿನವೂ ಹೋದೆ. ಮೂರನೆಯ ದಿನ ಆಫೀಸಿಗೆ ಬಂದರೆ ದಲ್ಲಾಳಿ ಇದ್ದ ಮೂಲೆಯೇ ಇಲ್ಲ. ಅಲ್ಲಿ ನೆಲದಿಂದ ಚಾವಣಿಯವರೆಗೆ ಕೆಂಪುಕಲ್ಲಿನ ಗೋಡೆ. ಗದಗದ ಕಡೆಯ ಒಬ್ಬ ಗಾರೆಯವನು ಕರಣೆ ಹಿಡಿದು ಸಂದು ಮೆತ್ತುತ್ತಿದ್ದ. ಬಾಗಿಲು ಎಲ್ಲಿ ಎಂದು ಕೇಳಿದೆ.

"ಬಾಗಲಾ ಇಲ್ರೀ. ಏನೂ ಒಳಗ ಹೋಗಬಾರದು ಅಂತ ಧಣೇರು ಹೇಳ್ಯಾರ. ವಾಯರಿಗಷ್ಟ ತೂತ ಬಿಟ್ಟೀನಿ ನೋಡ್ರೀ."

ತೂತಿನಲ್ಲಿ ಇಣುಕಿದೆ. ಕತ್ತಲಲ್ಲಿ ದಲ್ಲಾಳಿಯ ಹಸಿರು ದೀಪ ಮಿಣುಕುತ್ತಿತ್ತು. ಫ್ಯಾನು ದಮ್ಮು ಹಿಡಿದವರ ಹಾಗೆ ಸದ್ದು ಮಾಡುತ್ತಿತ್ತು. ಗಾಳಿ ಇಲ್ಲದೆ ಬಿಸಿಯೇರಿ ಸಂಜೆಯೊಳಗೆ ಯಂತ್ರ ನಿಂತೇಹೋಯಿತು. ಕಾರ್ಕಳದಿಂದ ಬಾಯಮ್ಮ ಫೋನ್ ಮಾಡಿ, ಗಿರಾಕಿ ನಿಂತಿದ್ದಾರೆ ಪುತಾ, ಮುಂದಿನ ಸೀಟು ಕೇಳುತ್ತಿದ್ದಾರೆ ಎಂದರು. ಆ ಸ್ವರ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಉದ್ದ ಕೊಡೆಯೊಂದನ್ನು ತೂತಿನಲ್ಲಿ ತೂರಿಸಿ, ಗೋಡೆಗೆ ಕೆನ್ನೆ ಒತ್ತಿ, ಅದರ ತುದಿಯಲ್ಲಿ ಬಟನ್ ಹುಡುಕಿದೆ. ಅದು ಸಿಕ್ಕಿ ದಲ್ಲಾಳಿ ಏಳುವಷ್ಟರಲ್ಲಿ ಅಂಗಿಯೆಲ್ಲ ಕೆಂಪು.

ಮರುದಿನ ಗೋಡೆ ಒಡೆಸಿದೆವು. ಒಡೆಯಲೂ ಅದೇ ಗದಗದವನು ಬಂದ. ಧಣಿಗಳಿಗೆ ಮಾತ್ರ ಸಮಾಧಾನವಿಲ್ಲ. ಏನೇ ಹೇಳು, ಅದು ಇದ್ದಷ್ಟು ಹೊತ್ತು ಯಾರೂ ಒಳಗೆ ಬರಲಿಲ್ಲ ಅಲ್ವಾ ಎಂದರು. ಅದಂತೂ ಹೌದು ಎಂದು ನಾನು ಒಪ್ಪಿಕೊಳ್ಳಬೇಕಾಯಿತು.

ಪರೀಕ್ಷೆ

ಆಮೇಲೆ ನಿಜವಾದ ಫೈರ್‌ವಾಲನ್ನೂ ಹಾಕಿದೆ. ಸೀಸನ್ ಹತ್ತಿರ ಬಂತು. ಹೊರಗಿನಿಂದ ಯಾರೋ ದಲ್ಲಾಳಿಯ ಬಾಗಿಲು ಬಡಿಯುತ್ತಿರುವುದು ನನಗೆ ಒಂದು ಮಧ್ಯಾಹ್ನ ಕಂಡಿತು. ಮುಂಬೈಯವರೇ. ಇಲ್ಲಿ ತಟ್ಟಿದರು, ಅಲ್ಲಿ ತಟ್ಟಿದರು, ಎಲ್ಲೂ ತೆರೆಯಲಿಲ್ಲ. ಪರೀಕ್ಷೆ ಮುಗಿಯಿತು ಎಂದು ನಾನು ಆರಾಮವಾಗಿ ಚಹಾ ತರಿಸಿದೆ.

ಮರುದಿನ ಬೆಳಿಗ್ಗೆ ಅದೇ ಅಧಿಕಾರಿಯ ಫೋನ್ ಬಂತು. ಧಣಿಗಳು ನನ್ನನ್ನೂ ಕರೆದು ಸ್ಪೀಕರ್ ಹಾಕಿದರು. ಯಂತ್ರದ ಭದ್ರತೆ ಸರಿ ಇದೆ ಎಂದರು ಅವರು. ಆದರೆ ಯಂತ್ರ ಗಟ್ಟಿಯಿದ್ದು ಮನುಷ್ಯರು ಬಾಯಿ ಬಿಟ್ಟರೆ ಏನು ಬಂತು? ಅದಕ್ಕೇ ನಿನ್ನೆ ನಾನು ನಿಮ್ಮ ಎರಡೂ ಕೌಂಟರಿಗೆ ಫೋನ್ ಮಾಡಿ, ಹೆಡ್ ಆಫೀಸಿನಿಂದ ಅಂತ ಹೇಳಿ ಪಾಸ್‌ವರ್ಡ್ ಕೇಳಿದೆ ಎಂದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಾಪುವಿನ ಅಣ್ಣನ ಹೆದರಿಕೆ ನನಗಿರಲಿಲ್ಲ. ಅವರು ಕೇಳಿದವರಿಗೆ ತಮ್ಮ ಹೆಸರನ್ನೂ ಹೇಳುವವರಲ್ಲ. ಬಾಯಮ್ಮ ಮಾತ್ರ ದಾರಿ ಕೇಳಿದವರನ್ನು ಕೌಂಟರ್ ಬಿಟ್ಟು ಎದ್ದುಹೋಗಿ ಮನೆಬಾಗಿಲಿಗೆ ಮುಟ್ಟಿಸಿ ಬರುವ ಜನ. ಕೌಂಟರ್ ಹೋಯಿತು ಎಂದುಕೊಂಡೆ. ಪಾಪ, ಆ ಬಾಯಮ್ಮ.

ಕಾಪುವಿನವರು ನನಗೆ ಮೂರು ಭಾಷೆಯಲ್ಲಿ ಬೈದರು ಎಂದರು ಅಧಿಕಾರಿ. ಪಾಸಾದರು. ಆಮೇಲೆ ಕಾರ್ಕಳದ ವಿಷಯಕ್ಕೆ ಬಂದರು.

"ನಿಮ್ಮ ಕಾರ್ಕಳದ ಮೇಡಂ ಇನ್ನೂ ಜೋರು. ಬೈಯಲೂ ಇಲ್ಲ, ಹೇಳಲೂ ಇಲ್ಲ. ಪಾಸ್‌ವರ್ಡ್ ಎಂತ ಅಂತ ನಾನು ಎಷ್ಟು ಸಲ ಕೇಳಿದರೂ, ಏನೂ ಅರಿಯದವರ ಹಾಗೆ ನನ್ನನ್ನೇ 'ಎಂತ ಉಂಟು, ಎಂತ ಉಂಟು' ಅಂತ ಕೇಳಿದರು. ಕೊನೆಗೆ ನನಗೇ ಸಾಕಾಯಿತು. ಅಂಥ ಗಟ್ಟಿಗರು ನಮ್ಮ ಮುಂಬೈ ಆಫೀಸಿನಲ್ಲಿ ಒಬ್ಬರೂ ಇಲ್ಲ."

ಧಣಿಗಳು ನನ್ನ ಮುಖ ನೋಡಿದರು, ನಾನು ಗೋಡೆ ಇದ್ದ ಮೂಲೆ ನೋಡಿದೆ. ಇಬ್ಬರೂ ಉಸಿರೆತ್ತಲಿಲ್ಲ. ಲೈನ್ ಕಾಯಂ ಮಾಡಿದ್ದೇವೆ, ಸೀಸನ್ನಿಗೆ ಕಾರ್ಕಳಕ್ಕೆ ಇನ್ನೊಂದು ಬಸ್ಸಿನ ಸೀಟನ್ನೂ ತೆರೆಯುತ್ತೇವೆ ಎಂದು ಹೇಳಿ ಅವರು ಫೋನ್ ಇಟ್ಟರು. ಧಣಿಗಳು ಬಹಳ ಹೊತ್ತು ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕರು. ಆಮೇಲೆ, ನೀನು ಈಗಲೇ ಕಾರ್ಕಳಕ್ಕೆ ಹೋಗಿ ಆ ಪಾಸ್‌ವರ್ಡ್ ಬದಲಿಸಿ ಬಾ ಎಂದರು.

ನಾನು ಹೋದಾಗ ಬಾಯಮ್ಮ ಕೌಂಟರಿನಲ್ಲಿ ಮುಖ ಸಣ್ಣ ಮಾಡಿ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. ತಪ್ಪಾಗಿಹೋಯಿತು ಪುತಾ ಎಂದರು. ಹೆಡ್ ಆಫೀಸಿನ ದೊಡ್ಡವರು ಕೇಳುವಾಗ ಇಲ್ಲ ಅನ್ನುವುದು ಹೇಗೆ ಅಂತ ಪಾಸ್‌ವರ್ಡ್ ಹೇಳಿಬಿಟ್ಟೆ, ಅವರಿಗೆ ಕಿವಿ ಸ್ವಲ್ಪ ಮಂದ ಇರಬೇಕು ಪಾಪ, ಮತ್ತೆ ಮತ್ತೆ ಕೇಳಿದರು, ನಾನೂ ಮತ್ತೆ ಮತ್ತೆ ಹೇಳಿದೆ, ಕೊನೆಗೆ ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿ ಹೇಳಿದೆ ಎಂದರು. ಕಣ್ಣು ತುಂಬಿತ್ತು.

ನಾನು ಅವರನ್ನು ಕೂರಿಸಿದೆ. ಕೌಂಟರ್ ಮುಚ್ಚುವುದಿಲ್ಲ ಬಾಯಮ್ಮ, ಲೈನ್ ಕಾಯಂ ಆಯಿತು, ಮುಂದಿನ ಸೀಟು ಇನ್ನು ನಿಮ್ಮದೇ, ಮುಂಬೈಯವರು ನಿಮ್ಮನ್ನು ಹೊಗಳಿದ್ದಾರೆ ಎಂದೆ. ಅವರು ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡು ಶಿಲುಬೆಯ ಗುರುತು ಮಾಡಿಕೊಂಡರು. ಮುಖದಲ್ಲಿ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಅತ್ತಿತ್ತ ನೋಡಿ ನನ್ನನ್ನು ಹತ್ತಿರ ಕರೆದು ಸ್ವರ ತಗ್ಗಿಸಿದರು.

"ಆದರೂ ಅದನ್ನು ಬೇಗ ಬದಲಿಸು ಪುತಾ. ನಿನ್ನೆ ನಾನು ಕೂಗಿದ್ದು ಎಲ್ಲರಿಗೂ ಕೇಳಿಸಿದೆ. ಇವತ್ತು ಬೆಳಿಗ್ಗೆಯಿಂದ ಆಟೋದವರು, ಹೂವಿನವರು, ಕಂಡಕ್ಟರುಗಳು, ಬಂದವರೆಲ್ಲ ಈ ಕಿಟಕಿಯಲ್ಲಿ ತಲೆ ಹಾಕಿ ನನ್ನ ಮುಖ ನೋಡಿ ನಮ್ಮ ಪಾಸ್‌ವರ್ಡನ್ನೇ ಹೇಳಿಕೊಂಡು ಹೋಗುತ್ತಿದ್ದಾರೆ."